ನದಿಯನ್ನು ಓದುವ ವಿದ್ಯೆ

ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಿಗೆ ಹೆಸರಾದ ದಾವಣಗೆರೆಯಲ್ಲಿದ್ದೂ ನಮ್ಮ ಮಗಳು ಸ್ನಾತಕೋತ್ತರ ವ್ಯಾಸಂಗಕ್ಕೆ ಪರಿಸರ ವಿಜ್ಞಾನವನ್ನು ಆರಿಸಿಕೊಂಡು, ಸಮಾಜಶಾಸ್ತ್ರವನ್ನೂ ಓದುವೆನೆಂದಾಗ ನಾವು ಅಧೀರರಾದೆವು. ಎರಡು ದೋಣಿಗಳಲ್ಲಿ ಕಾಲಿಡಬೇಡವೆಂದೆವು. ಆಕೆ ವಾದಿಸಲಿಲ್ಲ. "ಅಪ್ಪಾಜಿ, ಭಾನುವಾರ ಹರಿಹರಕ್ಕೆ ಹೋಗಿಬರೋಣ" ಎಂದಳು.

ತುಂಗಭದ್ರೆಯ ದಂಡೆಯಲ್ಲಿ ನಿಂತು ಕೇಳಿದಳು: "ನೀರಿನಲ್ಲಿ ಏನು ಬೆರೆತಿದೆಯೆಂದು ರಸಾಯನಶಾಸ್ತ್ರ ಹೇಳೀತು. ಮೀನು ಸತ್ತರೆ ಬೆಸ್ತರ ಮನೆಯ ಒಲೆ ಏನಾಗುವುದೆಂದು ಯಾರು ಹೇಳಬೇಕು?"

ನಾವು ನಿರುತ್ತರರಾದೆವು. 1980ರ ದಶಕದಲ್ಲಿ ಇದೇ ನದಿಯ ಮಾಲಿನ್ಯದ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಹೋರಾಡಿದ್ದು ನೆನಪಾಯಿತು. 1987ರಲ್ಲಿ ಕುಸನೂರಿನ ಜನ ಕೈಗಾರಿಕೆಯ ತಿರುಳಿಗಾಗಿ ನೆಟ್ಟಿದ್ದ ನೀಲಗಿರಿಯನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ಹಚ್ಚಿ ಸತ್ಯಾಗ್ರಹ ಮಾಡಿದರು. ಆ ಹೋರಾಟಗಳಿಗೆ ವಿಜ್ಞಾನ, ಕಾನೂನು, ಹಳ್ಳಿಯ ಬದುಕು ಮೂರರ ಅರಿವೂ ಬೇಕಾಯಿತು.

ದೂರದ ಉತ್ತರ ಧ್ರುವ ಪ್ರದೇಶದ ಪಾಠವೂ ಇದೇ ಎಂದು ಮಗಳು ವಿವರಿಸಿದಳು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧನಾ ವಿದ್ಯಾರ್ಥಿಗಳು ಗ್ರೀನ್‌ಲ್ಯಾಂಡಿಗೆ ಹೋಗಿ, ಕರಗುವ ಹಿಮದ ಜೊತೆಗೆ ಅಲ್ಲಿನ ಇನ್ಯುಯಿಟ್ ಜನರ ಬದುಕನ್ನೂ ಅರಿಯುವ ತರಬೇತಿ ಪಡೆದರಂತೆ. ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ 2008ರಿಂದ ನಮ್ಮ ದೇಶದ 'ಹಿಮಾದ್ರಿ' ಸಂಶೋಧನಾ ಕೇಂದ್ರವೂ ಇದೆ.

ಹರಿಹರದಿಂದ ಕೆಳಗೆ, ಇದೇ ಹೊಳೆಯ ದಂಡೆಯ ಚೌಡಯ್ಯದಾನಪುರದಲ್ಲಿ ಅಂಬಿಗರ ಚೌಡಯ್ಯನವರ ಗದ್ದುಗೆಯಿದೆ. ಅಂಬಿಗರು, ಮಡಿವಾಳರು, ಮಂತ್ರಿಗಳು ಒಂದೇ ಅನುಭವ ಮಂಟಪದಲ್ಲಿ ಕುಳಿತು ಚಿಂತಿಸಿದ ಪರಂಪರೆ ನಮ್ಮದು. ಅದನ್ನು ಮರೆತು, ವಿದ್ಯೆಗಳ ನಡುವೆ ಗೋಡೆ ಕಟ್ಟಿದವರು ನಾವೇ ಅಲ್ಲವೇ?

ಮರುದಿನ ಪ್ರವೇಶದ ಅರ್ಜಿಗೆ ಸಂತೋಷದಿಂದ ಸಹಿ ಹಾಕಿದೆವು.