ಟೊಂಕ ಕಟ್ಟುವ ಸ್ನಾಯು

ಮಕ್ಕಳೇ, ಓದುವುದನ್ನು ಅರ್ಧ ನಿಮಿಷ ನಿಲ್ಲಿಸಿ ಎದ್ದು ನಿಲ್ಲಿ. ಸೊಂಟದ ಮೂಳೆ ಮುಂದೆ ಎಲ್ಲಿ ಕೈಗೆ ಸಿಗುತ್ತದೋ ಅಲ್ಲಿಂದ ಸ್ವಲ್ಪ ಒಳಗೆ, ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ಒಮ್ಮೆ ಕೆಮ್ಮಿ. ಬೆರಳ ಕೆಳಗೆ ಏನೋ ಬಿಗಿಯಾಯಿತಲ್ಲವೇ? ಅಪ್ಪ ಅಮ್ಮಂದಿರೂ ಮಾಡಿ ನೋಡಿ, ನಗುವವರು ಯಾರೂ ಇಲ್ಲ.

ಹಾಗೆ ಬಿಗಿಯಾದ ಸ್ನಾಯುಗಳಲ್ಲಿ ಎಲ್ಲಕ್ಕಿಂತ ಒಳಗಿನದಕ್ಕೆ ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್ ಎಂದು ಹೆಸರು. ಬಾಯಿಗೆ ಭಾರವಾದ ಹೆಸರು. ಅದರ ಎಳೆಗಳು ಅಡ್ಡಡ್ಡವಾಗಿ ಹೊಟ್ಟೆಯನ್ನು ಬಳಸಿ ಹಿಂದೆ ಬೆನ್ನಿನ ಕಡೆ ಸೇರುತ್ತವೆ, ಥೇಟ್ ಉಡಿದಾರದಂತೆ. ಅದಕ್ಕೇ ನಮ್ಮ ಮನೆಯಲ್ಲಿ ಅದು ‘ಉಡಿದಾರದ ಸ್ನಾಯು’.

ದೊಡ್ಡ ಕೆಲಸಕ್ಕೆ ಇಳಿಯುವವರನ್ನು ಕನ್ನಡದಲ್ಲಿ ‘ಟೊಂಕ ಕಟ್ಟಿ ನಿಂತ’ ಎನ್ನುತ್ತೇವೆ. ಟೊಂಕ ಎಂದರೆ ಸೊಂಟ. ಮೊದಲು ಸೊಂಟ ಬಿಗಿಯಬೇಕು, ಆಮೇಲೆ ಕೈ ಹಾಕಬೇಕು. ನಮ್ಮ ದೇಹ ದಿನವಿಡೀ ಮಾಡುವುದೂ ಇದನ್ನೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಇದನ್ನು ಅಳೆದು ತೋರಿಸಿದರು. ಸೊಂಟನೋವಿನ 15 ಜನ, ನೋವಿಲ್ಲದ 15 ಜನ. ಸ್ನಾಯುಗಳೊಳಗೆ ಕೂದಲಿನಂಥ ತಂತಿ ಇಟ್ಟು, ಸೂಚನೆ ಸಿಕ್ಕ ಕೂಡಲೇ ಕೈ ಎತ್ತಲು ಹೇಳಿದರು. ನೋವಿಲ್ಲದವರಲ್ಲಿ ಕೈ ಎತ್ತುವ ಭುಜದ ಸ್ನಾಯುವಿಗಿಂತ ಮೊದಲೇ ಉಡಿದಾರದ ಸ್ನಾಯು ಕೆಲಸ ಶುರು ಮಾಡುತ್ತಿತ್ತು. ನೋವಿದ್ದವರಲ್ಲಿ ಅದು ತಡವಾಗಿ ಬರುತ್ತಿತ್ತು. ಸೆಕೆಂಡಿನ ಸಣ್ಣ ಪಾಲಿನಷ್ಟು ತಡ, ಅಷ್ಟೇ. ಆದರೆ ಬಾಗಿಲು ಹಾಕಿದ ಮೇಲೆ ಬಂದ ಕಾವಲುಗಾರನಿಂದ ಏನು ಪ್ರಯೋಜನ?

ಇದೆಲ್ಲ ನನಗೆ ಗೊತ್ತಾದದ್ದು ನನ್ನ ಸೊಂಟ ಹಿಡಿದ ಮೇಲೆ. ಅಬ್ಬಾಸಿಯಾದ ನಮ್ಮ ಮನೆಯಲ್ಲಿ ನಾನು ಎತ್ತಲು ಬಾಗಿದ್ದು ನೀರಿನ ದೊಡ್ಡ ಕ್ಯಾನನ್ನಲ್ಲ, ಮಗಳ ಒಂದು ಚಪ್ಪಲಿಯನ್ನು. ಧಾರವಾಡದಿಂದ ಅವ್ವ ಫೋನಿನಲ್ಲಿ, “ನಡಾ ಹಿಡಕೊಂಡೈತೇನು? ಬಿಸಿನೀರು ಹಾಕ್ಕೊಂಡು ಮಲಕ್ಕೋ, ಅಲುಗಾಡಬ್ಯಾಡ” ಅಂದಳು. ಮೂರು ವಾರದಲ್ಲಿ ನೋವು ಹೋಯಿತು. ಎರಡು ತಿಂಗಳಿಗೆ ಮತ್ತೆ ಬಂತು, ಹೋಯಿತು, ಮತ್ತೆ ಬಂತು. ನೋವಿಗಿಂತ ಹೆಚ್ಚು ಕಾಡಿದ್ದು ಅದು ಬಿಟ್ಟು ಹೋದ ಹೆದರಿಕೆ. ಆಗ ಮಗಳಿಗೆ ಮೂರು ವರ್ಷ. ಎತ್ತಿಕೋ ಎಂದು ಎರಡೂ ಕೈ ಚಾಚಿದರೆ “ಅಪ್ಪನ ಹತ್ತಿರ ಹೋಗು ಪುಟ್ಟಿ” ಎನ್ನುತ್ತಿದ್ದೆ. ಕೆಲವು ತಿಂಗಳ ನಂತರ ಅವಳು ನನ್ನ ಕಡೆ ಕೈ ಚಾಚುವುದನ್ನೇ ಬಿಟ್ಟಳು.

ನೋವು ಹೋದ ಮೇಲೂ ಯಾಕೆ ಮರಳಿ ಬರುತ್ತದೆ? ಇದಕ್ಕೆ ಒಂದು ಉತ್ತರ ಬೆನ್ನಿನ ಇನ್ನೊಂದು ಸ್ನಾಯುವಿನಲ್ಲಿದೆ. ಅದರ ಹೆಸರು ಮಲ್ಟಿಫಿಡಸ್. ಮಲ್ಲಿಗೆ ಮಾಲೆಯಲ್ಲಿ ಹೂವಿಗೆ ಹೂವನ್ನು ನಾರು ಬಿಗಿಯುವಂತೆ, ಇದು ಬೆನ್ನುಮೂಳೆಯ ಮಣಿಗೆ ಮಣಿಯನ್ನು ಹಿಡಿದಿಡುತ್ತದೆ. ಜೂಲಿ ಹೈಡ್ಸ್ ಎಂಬ ಸಂಶೋಧಕಿ ಮೊದಲ ಸಲ ಸೊಂಟ ಹಿಡಿದ 39 ಜನರ ಈ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದರು. ನೋವಿದ್ದ ಬದಿಯಲ್ಲಿ ಅದು ಸೊರಗಿತ್ತು. ವ್ಯಾಯಾಮ ಮಾಡದವರಲ್ಲಿ ನೋವು ಪೂರ್ತಿ ಹೋಗಿದ್ದರೂ, ಹತ್ತು ವಾರವಾದರೂ ಅದು ಮೊದಲಿನಂತೆ ತುಂಬಿಕೊಂಡಿರಲಿಲ್ಲ. ಒಂದು ವರ್ಷದೊಳಗೆ ಅವರಲ್ಲಿ ನೂರಕ್ಕೆ 84 ಜನರಿಗೆ ನೋವು ಮರಳಿತು. ಆ ಸ್ನಾಯುವಿಗೆ ಮತ್ತೆ ಪಾಠ ಹೇಳಿಸಿಕೊಂಡವರಲ್ಲಿ ನೂರಕ್ಕೆ 30 ಜನರಿಗೆ ಮಾತ್ರ. ನೋವು ತಾನಾಗಿ ಹೋಗಬಹುದು, ಸ್ನಾಯು ತಾನಾಗಿ ಬರುವುದಿಲ್ಲ.

ನನಗೆ ಪಾಠ ಹೇಳಿದವರು ಮಂಗಳೂರಿನಲ್ಲಿ ಓದಿದ ಮಲಯಾಳಿ ಫಿಸಿಯೋಥೆರಪಿಸ್ಟ್. ಮೊಣಕಾಲು ಮಡಿಸಿ ಅಂಗಾತ ಮಲಗಿ, ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ನಿಧಾನವಾಗಿ ಒಳಗೆಳೆದು ಹತ್ತು ಎಣಿಸುವ ತನಕ ಹಿಡಿಯಬೇಕು. ಹೊಟ್ಟೆ ಹಿಡಿಯಬೇಕು, ಉಸಿರನ್ನಲ್ಲ! “ಉಸಿರು ಕಟ್ಟಬೇಡಿ ಮಾರಾಯ್ರೇ” ಎಂದು ಅವರು ಎಷ್ಟು ಸಲ ಹೇಳಿದರೋ. ಆಮೇಲೆ ಅಂಬೆಗಾಲಿನ ಭಂಗಿಯಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ. ಬೆನ್ನ ಮೇಲಿಟ್ಟ ಲೋಟ ಬೀಳಬಾರದು ಎಂಬಷ್ಟು ನಿಧಾನ. ಕೆನಡಾದ ಸ್ಟುವರ್ಟ್ ಮ್ಯಾಕ್‌ಗಿಲ್ ಸೂಚಿಸುವ ಮೂರು ಮುಖ್ಯ ವ್ಯಾಯಾಮಗಳಲ್ಲಿ ಇದೂ ಒಂದು. ಎಣಿಸುವ ಕೆಲಸ ಮಗಳದು. ಏಳರಿಂದ ನೇರ ಒಂಬತ್ತಕ್ಕೆ ಹಾರುತ್ತಿದ್ದಳು. ಕನ್ನಡ ಶಾಲೆಯ ಶಿಕ್ಷಕಿಯಾಗಿ ನಾನು ತಿದ್ದಬೇಕಿತ್ತು, ಆದರೆ ಒಂದು ಸೆಕೆಂಡ್ ಲಾಭ ಯಾರಿಗೆ ಬೇಡ?

ಮೂರನೇ ಹಂತ ಎತ್ತುವುದು. ಮೊದಲು ಒಂದೂವರೆ ಲೀಟರ್ ನೀರಿನ ಬಾಟಲಿ, ಕೆಲವು ವಾರದ ನಂತರ ಐದು ಕಿಲೋ ಸೋನಾ ಮಸೂರಿ ಚೀಲ, ಆಮೇಲೆ ಎರಡು ಚೀಲ. ಹೆದರಿಕೆಗೂ ಹೀಗೆಯೇ ಕಿಲೋ ಲೆಕ್ಕದಲ್ಲಿ ಮದ್ದು ಕೊಡಬೇಕೆಂದು ನನಗೆ ಗೊತ್ತಿರಲಿಲ್ಲ. ನಾಲ್ಕನೇ ತಿಂಗಳು ಒಂದು ಶುಕ್ರವಾರ 14 ಕಿಲೋ ತೂಕದ ಮಗಳನ್ನು ಎತ್ತಿಕೊಂಡೆ. ಅವಳಿಗೆ ಅದೇನು ದೊಡ್ಡ ಸಂಗತಿಯಾಗಿರಲಿಲ್ಲ, ಕೂಡಲೇ ಇಳಿಸು ಎಂದಳು.

ಈಗ ಇನ್ನೊಂದು ಬದಿಯನ್ನೂ ಹೇಳಬೇಕು. ‘ಕೋರ್’ ಬಿಗಿ ಮಾಡಿದರೆ ಸಾಕು ಎಂದು ವೀಡಿಯೊಗಳಲ್ಲಿ ಕೂಗುವವರ ಮಾತನ್ನು ಪೂರ್ತಿ ನಂಬಬೇಡಿ. ನೋವಿರುವವರಲ್ಲಿ ಹೊರಗಿನ ದೊಡ್ಡ ಸ್ನಾಯುಗಳು ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚೇ ಬಿಗಿದಿರುತ್ತವೆ. ಮರದ ಹಲಗೆಯಂತೆ ನಡೆಯುವವರನ್ನು ನೀವೂ ಕಂಡಿರುತ್ತೀರಿ; ಅವರಿಗೆ ಸಡಿಲಿಸುವುದನ್ನು ಕಲಿಸಬೇಕು. ಬಹುಕಾಲದ ಸೊಂಟನೋವಿನಲ್ಲಿ ಈ ವಿಶೇಷ ವ್ಯಾಯಾಮಗಳು ಉಳಿದ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಎಂದು ಆಮೇಲಿನ ಅಧ್ಯಯನಗಳ ಹೋಲಿಕೆ ಹೇಳುತ್ತದೆ. ನನಗಿದು ಒಳ್ಳೆಯ ಸುದ್ದಿ. ನಡಿಗೆಯೋ ಈಜೋ ಯೋಗವೋ, ನೀವು ಬಿಡದೆ ಮಾಡುವುದೇ ನಿಮ್ಮ ಮದ್ದು. ಅಲುಗಾಡದೆ ಮಲಗುವುದಂತೂ ಮದ್ದಲ್ಲ (ಅವ್ವನಿಗೆ ಇದನ್ನು ಇನ್ನೂ ಒಪ್ಪಿಸಲಾಗಿಲ್ಲ).

ಆದರೆ ಕಾಲು ಸೋತು ಬಂದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರದ ಜೊತೆ ನೋವು ಬಂದರೆ ವ್ಯಾಯಾಮ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ನಡೆಯುವುದೆಲ್ಲಿ ಎಂದು ಕೇಳುತ್ತೀರಿ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. ಜೂನ್‌ನಿಂದ ಆಗಸ್ಟ್‌ವರೆಗೆ ಹಗಲು 11ರಿಂದ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದಕ್ಕೇ ನಿಷೇಧವಿದೆ. ಚಳಿಗಾಲಕ್ಕೆ ಗಲ್ಫ್ ರೋಡಿನ ಕಡಲಂಚು ಇದೆ, ಬೇಸಿಗೆಗೆ ಮಾಲ್‌ಗಳ ಉದ್ದನೆಯ ಓಣಿಗಳಿವೆ. ಅವೆನ್ಯೂಸ್‌ನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಬಂದರೆ ಕಾಲಿಗೆ ಸಾಕಷ್ಟು ಕೆಲಸ. ಪರ್ಸ್ ಮಾತ್ರ ಕಾರಿನಲ್ಲೇ ಇರಲಿ.