ಸಾಲು ಮುಗಿಯುವಷ್ಟರಲ್ಲಿ ಬೆಳಗಾಗುತ್ತಿತ್ತು

ಒಕ್ಕಣೆ ಮುಗಿದು ಕಣ ಖಾಲಿಯಾಯಿತೆಂದರೆ ನಮ್ಮ ಕಡೆ ಕತೆಯ ಕಾಲ ಬಂತೆಂದೇ ಲೆಕ್ಕ. ಹನೂರು ಆಗಿನ್ನೂ ತಾಲ್ಲೂಕಾಗಿರಲಿಲ್ಲ, ಎಲ್ಲ ಕೊಳ್ಳೇಗಾಲವೇ. ಆ ಕೊಳ್ಳೇಗಾಲವೂ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. ಪಕ್ಕದ ಯಳಂದೂರು ಮೈಸೂರಿನದು. ಮಲೆ ಮಾದಪ್ಪನ ಕತೆ ಹಾಡುವ ಕಂಸಾಳೆಯವರಿಗೆ ಯಾವ ಗಡಿ?

ಕಂಸಾಳೆಯ ಆ ದೇವರಗುಡ್ಡರು ಜಗಲಿ ಮೇಲೆ ಕೂತು ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ತಾಳ ಹಿಡಿದರೆ ಮಕ್ಕಳ ಗಲಾಟೆ ತಾನಾಗಿ ನಿಲ್ಲುತ್ತಿತ್ತು. ಹೆಂಗಸರು ಕೇಳುತ್ತಿದ್ದುದು ಸಂಕಮ್ಮನ ಸಾಲನ್ನೇ, ಅಂದರೆ ಮಾದಪ್ಪನ ಕಾವ್ಯದಲ್ಲಿ ಅವಳ ಕತೆಯ ಭಾಗವನ್ನೇ. ನೀಲೇಗೌಡ ಜೇನುಮಲೆಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನನ್ನು ಅನುಮಾನಿಸಿ, ಭಾಷೆ ಕೊಡೆಂದು ಕಾಡುವ ಭಾಗ ಬಂದಾಗ ಅಜ್ಜಿಯರು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಲೇ ಅವನಿಗೆ ಶಾಪ ಹಾಕುತ್ತಿದ್ದರು. ಮಾದಪ್ಪ ಬಂದು ಅವಳನ್ನು ಕಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಎದ್ದು ಹೋದವರಿಲ್ಲ.

ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಪರ್ಸೆ, ಅಂದರೆ ಜಾತ್ರೆ. ಗಾಡಿಯಲ್ಲಿ ಪಾತ್ರೆ, ಅಕ್ಕಿ, ಸೌದೆ ಎಲ್ಲ ಹೇರಿಕೊಂಡು ಹೋಗಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆಯ ಸುತ್ತಲ ಬಯಲಲ್ಲೇ ಬಿಡಾರ. ಮೊದಲ ರಾತ್ರಿ ಬಿದಿರಿಗೆ ಬಟ್ಟೆ ಸುತ್ತಿದ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ವಾಲುತ್ತದೋ ಆ ಕಡೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆ. ನಮ್ಮೂರ ಕಡೆ ವಾಲಿದ ವರ್ಷ ರೈತರ ಗತ್ತೇ ಬೇರೆ! ಆಮೇಲೆ ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರ ತಂಬೂರಿ. ಮಂಟೇಸ್ವಾಮಿ ಹಲಗೂರಿನ ಕಮ್ಮಾರ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಕೇಳಿದ ಕತೆ, ಆ ಪಾಂಚಾಳರ ಮಗ ಸಿದ್ದಪ್ಪಾಜಿಯಾದ ಕತೆ. ಪಂಕ್ತಿಸೇವೆಯ ದಿನ ಜಾತಿ ಕೇಳದೆ ಒಂದೇ ಸಾಲಲ್ಲಿ ಉಣ್ಣುತ್ತಿದ್ದೆವು; ಊರಿಗೆ ಮರಳಿದರೆ ಮತ್ತೆ ಬೇರೆ ಬೇರೆ ಲೋಟ. ಅದನ್ನೂ ಮರೆಯಬಾರದು.

ಬೇಸಿಗೆಗೆ ಯಳಂದೂರಿನ ನೆಂಟರ ಜೊತೆ ಬಿಳಿಗಿರಿರಂಗನ ತೇರು. ರಂಗಪ್ಪನ ಭಾರೀ ಚಪ್ಪಲಿಯನ್ನು ತಲೆಗೆ ತಾಗಿಸಿಕೊಳ್ಳಲು ನಾವು ನುಗ್ಗುತ್ತಿದ್ದೆವು. ಆ ಬೆಟ್ಟದ ಸೋಲಿಗರಿಗೆ ಆತ ಭಾವ, ತಮ್ಮ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡವನು.

ಈಗ ತಾಳ ಬೀಸಿ ಕುಣಿಯುವ ಬೀಸು ಕಂಸಾಳೆ ಮೆರವಣಿಗೆಗಳಲ್ಲಿ ಕಾಣುತ್ತದೆ. ಹುಡುಗರ ಚುರುಕು ಮೆಚ್ಚಬೇಕಾದ್ದೇ. ಆದರೆ ಹತ್ತು ನಿಮಿಷದ ಕುಣಿತದಲ್ಲಿ ಸಂಕಮ್ಮನಿಗೆ ಜಾಗವಿಲ್ಲ, ಕತೆಯಿಲ್ಲದ ಕಂಸಾಳೆ ನನಗಂತೂ ಬರೀ ಕಸರತ್ತು. ಈ ಸಲ ಚಿಕ್ಕಲ್ಲೂರಿಗೆ ಹೋದರೆ ಚಂದ್ರಮಂಡಲದ ಫೋಟೋ ತೆಗೆದು ಕಾರು ಹತ್ತಬೇಡಿ. ಒಂದು ಕಂಬಳಿ ಒಯ್ಯಿರಿ, ನೀಲಗಾರರ ಪಕ್ಕ ಬೆಳಗಿನವರೆಗೆ ಕೂರಿ.