ಚಹಾ ಮೇಷ್ಟ್ರ ಬೆನ್ನು ಹತ್ತಿ

ನನಗೊಂದು ಚಟವಿದೆ. ಇಂಗ್ಲಿಷ್ ಕಾದಂಬರಿಯಲ್ಲಿ ಒಳ್ಳೆಯ ವಾಕ್ಯ ಕಂಡರೆ ಅಲ್ಲೇ ಕೂತುಬಿಡುವುದು. ಇದು ಕನ್ನಡದಲ್ಲಿ ಹೇಗಿದ್ದೀತು ಎಂದು ಬಾಯಲ್ಲಿ ಹೊರಳಿಸುವುದು. ಬರೆದಿಡುವುದಿಲ್ಲ, ಅಚ್ಚಿನ ಆಸೆಯಂತೂ ಇಲ್ಲ. ಕವಳ ಹಾಕುವವರಿಗೆ ಹೊಟ್ಟೆ ತುಂಬಬೇಕೆಂಬ ಹಟವಿರುತ್ತದೆಯೇ?

ಈ ಚಟಕ್ಕೆ ಸರಿಜೋಡಿಯಾಗಿ ಸಿಕ್ಕವರು ಫಿನ್‌ಲ್ಯಾಂಡಿನ ಎಮ್ಮಿ ಇಟ್ಯಾರಾಂಟಾ. ಮೊದಲ ಕಾದಂಬರಿಯನ್ನು ಅವರು ಫಿನ್ನಿಶ್, ಇಂಗ್ಲಿಷ್ ಎರಡರಲ್ಲೂ ಜೊತೆಜೊತೆಗೇ ಬರೆದರು. 2012ರಲ್ಲಿ ಬಂದ ಫಿನ್ನಿಶ್ ಪುಸ್ತಕದ ಹೆಸರು ‘ತೇಮೆಸ್ತಾರಿನ್ ಕಿರ್ಯಾ’, ಅಂದರೆ ಚಹಾ ಗುರುವಿನ ಪುಸ್ತಕ. 2014ರಲ್ಲಿ ಬಂದ ಇಂಗ್ಲಿಷಿನದು ‘ಮೆಮರಿ ಆಫ್ ವಾಟರ್’. ತೊಟ್ಟಿಲಲ್ಲಿ ಇಟ್ಟದ್ದೊಂದು, ಕರೆಯುವುದೊಂದು ಎಂಬ ಹಾಗೆ ಒಂದೇ ಕೂಸಿಗೆ ಎರಡು ಹೆಸರು. ಒಂದರಲ್ಲಿ ಚಹಾ ಕಾಣುತ್ತದೆ, ಇನ್ನೊಂದರಲ್ಲಿ ಅದರೊಳಗಿನ ನೀರು.

ಸುಮಾರು 1,88,000 ಸರೋವರಗಳ ನಾಡಿನವರು ಬರೆದದ್ದು ಬಾಯಾರಿಕೆಯ ಕಥೆ! ಭೂಮಿ ಬಿಸಿಯೇರಿ ಎಷ್ಟೋ ಕಾಲವಾದ ಮೇಲೆ, ಉತ್ತರದ ಹಳ್ಳಿಯೊಂದರಲ್ಲಿ ಸಿಹಿನೀರೆಲ್ಲ ಸೇನೆಯ ಹಿಡಿತದಲ್ಲಿದೆ. ಗುಡ್ಡದೊಳಗಿನ ಗುಟ್ಟಿನ ಒರತೆಯೊಂದು ಹದಿನೇಳರ ನೋರಿಯಾಳ ಮನೆಯವರಿಗೆ ಮಾತ್ರ ಗೊತ್ತು. ಅಪ್ಪ ಚಹಾ ಗುರು, ಅಂದರೆ ಶಾಸ್ತ್ರೋಕ್ತವಾಗಿ ಚಹಾ ಮಾಡಿ ಕೊಡುವವನು. ವಿದ್ಯೆಯ ಜೊತೆ ಗುಟ್ಟನ್ನೂ ಮಗಳಿಗೆ ದಾಟಿಸುತ್ತಾನೆ. ನೀರು ಕದ್ದ ಮನೆಯ ಬಾಗಿಲಿಗೆ ನೀಲಿ ವೃತ್ತ ಬೀಳುತ್ತದೆ. ಅಲ್ಲಿಗೆ ಆ ಮನೆಯ ಕಥೆ ಮುಗಿಯಿತು.

ನಾನು ಮೊದಲು ಮುಗ್ಗರಿಸಿದ್ದು ಈ ‘ಗುರು’ವಿನಲ್ಲೇ. ಫಿನ್ನಿಶಿನ ‘ಮೆಸ್ತಾರಿ’ ನಮ್ಮ ಮೇಷ್ಟ್ರ ನೆಂಟನೇ. ಹಾಗೆಂದು ‘ಚಹಾ ಮೇಷ್ಟ್ರು’ ಅಂದರೆ? ಬೆಲ್ ಹೊಡೆದರೂ ಸ್ಟಾಫ್ ರೂಮಿನಲ್ಲಿ ಲೋಟ ಹಿಡಿದು ಕೂತವರು ಕಣ್ಣಮುಂದೆ ಬರುತ್ತಾರೆ. ‘ಗುರು’ ಅಂದರೆ ಗಡ್ಡ ಬೆಳೆಯುತ್ತದೆ. ಎರಡು ದಿನ ಇದರಲ್ಲೇ ಕಳೆಯಿತು.

ಮೂರನೆಯ ದಿನ ಫಿನ್ನಿಶ್ ವ್ಯಾಕರಣ ತೆರೆದೆ. ‘ವೆಸಿ’ ಎಂದರೆ ನೀರು. ವೆದೆನ್ ಎಂದರೆ ನೀರಿನ; ವೆದೆಸ್ಸಾ, ನೀರಿನಲ್ಲಿ; ವೆದೆಸ್ತಾ, ನೀರಿನಿಂದ; ವೆತೇನ್, ನೀರಿಗೆ. ಅರೆ, ಇದು ನಮ್ಮದೇ ಜಾಯಮಾನ! ಇಂಗ್ಲಿಷು ನೀರಿನ ಮುಂದೆ ಬೇರೆ ಪದ ನಿಲ್ಲಿಸುವ ಕಡೆ, ಇವೆರಡೂ ನೀರಿಗೇ ಬಾಲ ಕಟ್ಟುತ್ತವೆ. ನಮಗೆ ಏಳೆಂಟು ವಿಭಕ್ತಿ, ಅವರಿಗೆ ಹದಿನೈದು. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಹಳ್ಳದ ದಡದಲ್ಲಿ ಬಟ್ಟೆ ಒಗೆಯುತ್ತಿದ್ದಂತೆ ಕಂಡವು. ವೆಸಿ, ವೆದೆನ್, ವೆದೆಸ್ಸಾ ಎಂದು ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಾ ಕೂತೆ.

ಸುಟ್ಟ ವಾಸನೆ ಬಂದಾಗ ಎಚ್ಚರವಾಯಿತು. ಚಹಾಕ್ಕೆಂದು ಇಟ್ಟ ಎರಡು ಲೋಟ ನೀರು ಅಷ್ಟೂ ಆವಿಯಾಗಿ, ಪಾತ್ರೆಯ ತಳ ಕಪ್ಪಾಗಿತ್ತು. ಒಲೆ ಆರಿಸಿದೆ. ಯಾಕೋ, ಒಮ್ಮೆ ಹೋಗಿ ಮುಂಬಾಗಿಲ ಹೊರಮೈ ನೋಡಿಕೊಂಡು ಬಂದೆ.